ಬಿಸಿಲಿಗೆ ಬಾಡುವ ಪ್ರೊಸೆಸರ್: ಸ್ಕೋರ್ ನೋಡಿ ಫೋನು ಕೊಳ್ಳಬಹುದೇ?

ಹನುಮಂತನಗರದವನು:

ನಮ್ಮಣ್ಣ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ. ಫೋನು ಇಡೀ ದಿನ ಹ್ಯಾಂಡಲ್ ಮೇಲಿನ ಹಿಡಿಕೆಯಲ್ಲಿ ಇರುತ್ತದೆ. ನಕ್ಷೆ, ಬಾಡಿಗೆಯ ಆ್ಯಪ್, ಚಾರ್ಜಿಂಗ್ ಎಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ. ಮಧ್ಯಾಹ್ನ ಎರಡರ ಮೇಲೆ ಮೈಸೂರು ರಸ್ತೆಯ ಕಡೆ ಮುಖ ಮಾಡಿದರೆ ಮುಗಿಯಿತು. ಪರದೆ ತಾನಾಗಿಯೇ ಮಂಕಾಗುತ್ತದೆ, ನಕ್ಷೆಯ ಬಾಣ ಆಟೋಗಿಂತ ಹಿಂದೆ ಬೀಳುತ್ತದೆ. ಬಾಡಿಗೆ ಬಂದ ಸದ್ದು ಕೇಳಿ ಬೆರಳಿಡುವಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ.

ನ್ಯಾಷನಲ್ ಮಾರ್ಕೆಟ್ಟಿನ ಒಂದು ಅಂಗಡಿಯಲ್ಲಿ ಕೇಳಿದೆ. ‘ಪ್ರೊಸೆಸರ್ ಸಾಲದು, ಸ್ಕೋರ್ ಹೆಚ್ಚಿರುವುದನ್ನು ತೆಗೆದುಕೊಳ್ಳಿ’ ಎಂದು ಎರಡು ಫೋನುಗಳನ್ನು ಮುಂದಿಟ್ಟರು. ಒಂದು ಹಿಂದೆ ಬಹಳ ದುಬಾರಿಯಾಗಿದ್ದ ಸೆಕೆಂಡ್ ಹ್ಯಾಂಡ್ ಫೋನು, ಒಳಗಿನ ಪ್ರೊಸೆಸರ್ ಸ್ನಾಪ್‌ಡ್ರಾಗನ್ 8 ಜೆನ್ 1. ಇನ್ನೊಂದು ಸಾಧಾರಣ ಬೆಲೆಯದು, ಡೈಮೆನ್ಸಿಟಿ 7200. ಬೆಲೆ ಹೆಚ್ಚು ಕಡಿಮೆ ಒಂದೇ. ಯಾವುದು ತಡೆದುಕೊಳ್ಳುತ್ತದೆ? ಇದು ನಿಜವಾಗಿಯೂ ಪ್ರೊಸೆಸರಿನ ಸಮಸ್ಯೆಯೇ?

ಅಂಕಪ್ರಿಯ:

ಇದರಲ್ಲಿ ಯೋಚಿಸುವುದೇನಿದೆ? 8 ಜೆನ್ 1. ಅದರಲ್ಲಿ ಕಾರ್ಟೆಕ್ಸ್-ಎಕ್ಸ್2 ಎಂಬ ಕೋರ್ (ಲೆಕ್ಕ ಮಾಡುವ ಘಟಕ) ಇದೆ, 3 ಗಿಗಾಹರ್ಟ್ಸ್. ಇನ್ನೊಂದರಲ್ಲಿ ಎರಡು ಎ715, ಉಳಿದ ಆರು ಪುಟಾಣಿ ಎ510. ವೇಗಕ್ಕೆ ಅಂಕ ಕೊಡುವ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹೋಲಿಕೆಯೇ ಇಲ್ಲ. ಎರಡೂ 4 ನ್ಯಾನೋಮೀಟರ್. ಹಾಗಿದ್ದ ಮೇಲೆ ಶಕ್ತಿ ಹೆಚ್ಚಿರುವುದನ್ನು ಬಿಟ್ಟು ಕಡಿಮೆಯದಕ್ಕೆ ಹೋಗುವುದು ಏಕೆ?

ಎಸ್‌ಪಿ ರಸ್ತೆ ಮೇಜು:

ರಿಪೇರಿಗೆ ಬಂದ ಫೋನುಗಳನ್ನು ದಿನಾ ಬಿಚ್ಚುವವನಾಗಿ ಒಂದು ಮಾತು. ಆಟೋದವರ ಮತ್ತು ಊಟ ತಲುಪಿಸುವ ಹುಡುಗರ ಫೋನುಗಳನ್ನು ಬಿಚ್ಚಿದ ಕೂಡಲೇ ಗುರುತು ಹಿಡಿಯಬಹುದು. ಬ್ಯಾಟರಿ ಉಬ್ಬಿರುತ್ತದೆ, ಪರದೆಯ ಅಂಟು ಒಂದು ಬದಿಯಲ್ಲಿ ಬಿಟ್ಟಿರುತ್ತದೆ.

ಒಳಗಿನ ಸರ್ಕ್ಯೂಟ್ ಹಲಗೆಯ ಮೇಲಿನ ತಗಡಿನ ಮುಚ್ಚಳ ಎತ್ತಿದರೆ ಪ್ರೊಸೆಸರ್ ನೇರವಾಗಿ ಕಾಣುವುದಿಲ್ಲ, ಕಾಣುವುದು ರ್‍ಯಾಮ್. ದುಬಾರಿ ದರ್ಜೆಯ ಬಹುತೇಕ ಫೋನುಗಳಲ್ಲಿ ರ್‍ಯಾಮ್ ಪ್ರೊಸೆಸರಿನ ಹೆಗಲ ಮೇಲೆ ಕುಳಿತಿರುತ್ತದೆ. ಕೆಳಗಿನ ಬಿಸಿ ರ್‍ಯಾಮನ್ನು ದಾಟಿ, ಅದರ ಮೇಲಿನ ಬೂದು ಬಣ್ಣದ ಪೇಸ್ಟನ್ನು ದಾಟಿ, ತಗಡಿಗೆ ಹೋಗಿ, ಅಲ್ಲಿಂದ ಗ್ರಾಫೈಟ್ ಹಾಳೆಗೆ ಹರಡಬೇಕು. ಮೊದಲು ರಿಪೇರಿ ಮಾಡಿದವರು ಆ ಕರಿ ಹಾಳೆಯನ್ನು ಕಿತ್ತು ಬಿಸಾಡಿರುವುದನ್ನು ನಾನು ಬಹಳ ನೋಡಿದ್ದೇನೆ. ‘ಏನೋ ಸ್ಟಿಕ್ಕರ್’ ಅಂದುಕೊಂಡಿರುತ್ತಾರೆ. ಪೇಸ್ಟು ಒಣಗಿ ಪುಡಿಯಾಗಿರುವುದೂ ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವಾಗ ಯಾವ ಚಿಪ್ ಎಂದು ಕೇಳುವ ಮೊದಲು ಒಮ್ಮೆ ಬಿಚ್ಚಿದ್ದಾರೆಯೇ ಎಂದು ಕೇಳಿ.

ಟೇಪ್‌ಔಟ್ ತಾತ:

ಅಂಕಪ್ರಿಯರ ಉತ್ತರ ಮೊದಲ ಮೂರು ನಿಮಿಷಕ್ಕೆ ಸರಿ. ಆಟೋ ಹತ್ತು ಗಂಟೆ ಓಡುತ್ತದೆ.

ಲೆಕ್ಕ ಮಾಡಿ. ಫೋನಿನೊಳಗೆ ಫ್ಯಾನ್ ಇಲ್ಲ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗದಂತೆ ಅದು ಎಡೆಬಿಡದೆ ಹೊರಹಾಕಬಲ್ಲ ಶಾಖ ಸುಮಾರು 3ರಿಂದ 5 ವ್ಯಾಟ್. ದುಬಾರಿ ಫೋನಿನ ಚಿಪ್ ಪೂರ್ತಿ ಓಡಿದರೆ 10 ವ್ಯಾಟನ್ನೂ ದಾಟುತ್ತದೆ. ನಡುವಿನ ಅಂತರವನ್ನು ಫೋನಿನ ಮೈ ಸ್ವಲ್ಪ ಹೊತ್ತು ಹೀರಿಕೊಳ್ಳುತ್ತದೆ. ಬೆಂಚ್‌ಮಾರ್ಕ್ ಅಳೆಯುವುದು ಬಹುಮಟ್ಟಿಗೆ ಆ ‘ಸ್ವಲ್ಪ ಹೊತ್ತ’ನ್ನೇ. ಆಮೇಲೆ ಚಿಪ್ಪಿನ ಉದ್ದಗಲಕ್ಕೂ ಹರಡಿರುವ ತಾಪ ಸಂವೇದಕಗಳು ಕೂಗಲು ಶುರುಮಾಡುತ್ತವೆ, ವೇಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಈಗ ಬಿಸಿಲು. ನೇರ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ತರುತ್ತದೆ. ಫೋನು 16 ಸೆಂಟಿಮೀಟರ್ ಉದ್ದ, ಏಳೂವರೆ ಅಗಲ ಎಂದರೆ 0.012 ಚದರ ಮೀಟರ್. ಮುಖಕ್ಕೆ ನೇರವಾಗಿ ಬಿದ್ದರೆ 12 ವ್ಯಾಟ್. ಓರೆಯಾಗಿ ಬಿದ್ದು ಅರ್ಧ ಮಾತ್ರ ಹೀರಿಕೊಂಡರೂ 6 ವ್ಯಾಟ್. ಹೊರಹಾಕಬಲ್ಲ ಶಾಖಕ್ಕಿಂತ ಹೆಚ್ಚನ್ನು ಸೂರ್ಯನೊಬ್ಬನೇ ಸುರಿಯುತ್ತಿದ್ದಾನೆ! ಜೊತೆಗೆ ಚಾರ್ಜಿಂಗಿನ ಬಿಸಿ, ಪೂರ್ತಿ ಬೆಳಕಿನ ಪರದೆಯ ಬಿಸಿ. ಪ್ರೊಸೆಸರಿಗೆ ಉಳಿಯುವ ಪಾಲು ಎಷ್ಟು? ಹೆಚ್ಚೆಂದರೆ ಒಂದೋ ಎರಡೋ ವ್ಯಾಟ್. ಆದ್ದರಿಂದ ನಿಮ್ಮಣ್ಣನ ಪ್ರಶ್ನೆ ‘ಯಾವ ಚಿಪ್ ಹೆಚ್ಚು ವೇಗ’ ಎಂಬುದಲ್ಲ. ‘ಒಂದೂವರೆ ವ್ಯಾಟಿನಲ್ಲಿ ಯಾವ ಚಿಪ್ ಹೆಚ್ಚು ಕೆಲಸ ಮಾಡುತ್ತದೆ’ ಎಂಬುದು. ಅದಕ್ಕೆ ಸ್ಕೋರಿನ ಪಟ್ಟಿಯಲ್ಲಿ ಉತ್ತರವಿಲ್ಲ.

ಇನ್ನು ‘ಎರಡೂ 4 ನ್ಯಾನೋಮೀಟರ್’ ಎಂಬ ಮಾತು. 8 ಜೆನ್ 1 ತಯಾರಾದದ್ದು ಸ್ಯಾಮ್‌ಸಂಗಿನ ಚಿಪ್ ಕಾರ್ಖಾನೆಯಲ್ಲಿ, 7200 ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲಿ. ಎರಡೂ ಕಡೆ 4 ಎಂದು ಬರೆದಿದ್ದರೂ ಅದು ಯಾವುದೋ ಒಂದು ಗೆರೆಯನ್ನು ಅಳೆದು ಬರೆದ ಸಂಖ್ಯೆಯಲ್ಲ. ಇಂದಿನ 3 ನ್ಯಾನೋಮೀಟರ್ ಚಿಪ್ಪಿನಲ್ಲಿಯೂ ಒಂದು ಟ್ರಾನ್ಸಿಸ್ಟರ್ ಗೇಟಿನಿಂದ ಪಕ್ಕದ ಗೇಟಿಗೆ 40 ನ್ಯಾನೋಮೀಟರಿಗಿಂತ ಹೆಚ್ಚು ಅಂತರವಿದೆ. ಅದು ತಲೆಮಾರಿನ ಹೆಸರು, ಅಷ್ಟೇ. ವ್ಯತ್ಯಾಸ ಎಷ್ಟಿತ್ತು ಎಂಬುದಕ್ಕೆ ಸ್ನಾಪ್‌ಡ್ರಾಗನ್ ವಿನ್ಯಾಸ ಮಾಡುವ ಕ್ವಾಲ್ಕಾಮೇ ಪುರಾವೆ ಕೊಟ್ಟಿದೆ. 2022ರ ಮೇ ತಿಂಗಳಿನಲ್ಲಿ ಬಹುತೇಕ ಅದೇ ವಿನ್ಯಾಸವನ್ನು ಟಿಎಸ್‌ಎಂಸಿಗೆ ಸಾಗಿಸಿ 8 ಪ್ಲಸ್ ಜೆನ್ 1 ಎಂದು ಹೊರತಂದಿತು. ಸಿಪಿಯು (ಕೋರ್‌ಗಳಿರುವ ಭಾಗ) ಮತ್ತು ಜಿಪಿಯು (ಚಿತ್ರ ಬಿಡಿಸುವ ಭಾಗ) ಎರಡರ ವಿದ್ಯುತ್ ಬಳಕೆಯೂ ಶೇ. 30ರವರೆಗೆ ಕಡಿಮೆ ಎಂದು ಹೇಳಿಕೊಂಡಿತು, ಮೇಲಾಗಿ ವೇಗವನ್ನು 3.2 ಗಿಗಾಹರ್ಟ್ಸ್‌ಗೆ ಏರಿಸಿತು. ಎಕ್ಸ್2, ಎ710, ಎ510 ಕೋರ್‌ಗಳು ಅವೇ. ಬದಲಾದದ್ದು ಕಾರ್ಖಾನೆ.

ಅಂಕಪ್ರಿಯ:

ತಾತನವರೇ, ಸರಿ, ಬಿಸಿಯಾದಾಗ ಇಳಿಯುತ್ತದೆ. ಆದರೆ ಇಳಿದ ಮೇಲೂ ದೊಡ್ಡದು ದೊಡ್ಡದೇ ಅಲ್ಲವೇ? 3 ಗಿಗಾಹರ್ಟ್ಸ್‌ನಿಂದ 2ಕ್ಕೆ ಇಳಿದ ಎಕ್ಸ್2, ಎ715ಕ್ಕಿಂತ ಹಿಂದೆ ಬೀಳುತ್ತದೆಯೇ? ಸ್ಕೋರನ್ನು ಪೂರ್ತಿ ಕಸದಬುಟ್ಟಿಗೆ ಹಾಕುವುದು ಅತಿಯಾಯಿತು.

ಟೇಪ್‌ಔಟ್ ತಾತ:

ಒಳ್ಳೆಯ ಪ್ರಶ್ನೆ, ಇದಕ್ಕೆ ಅರ್ಧ ಒಪ್ಪುತ್ತೇನೆ. ಒಮ್ಮೆಗೇ ಹೆಚ್ಚು ಸೂಚನೆಗಳನ್ನು ಮುಗಿಸಬಲ್ಲ ಅಗಲವಾದ ಕೋರ್ ನಿಧಾನವಾಗಿ ಓಡಿದರೆ ಅದು ನಿಜಕ್ಕೂ ಮಿತವ್ಯಯಿ. ಕಾರಣ ಇಲ್ಲಿದೆ.

ಟ್ರಾನ್ಸಿಸ್ಟರುಗಳು ಆಫ್-ಆನ್ ಆಗುವಾಗ ಖರ್ಚಾಗುವ ವಿದ್ಯುತ್ ಮೂರರ ಗುಣಲಬ್ಧ: ತುಂಬಿ ಬರಿದಾಗುವ ಧಾರಕತೆ, ಗಡಿಯಾರದ ವೇಗ (ಗಿಗಾಹರ್ಟ್ಸ್), ವೋಲ್ಟೇಜಿನ ವರ್ಗ (ಅದನ್ನು ಅದರಿಂದಲೇ ಗುಣಿಸಿದ್ದು). ಆ ವರ್ಗವೇ ಎಲ್ಲ ಅನಾಹುತಕ್ಕೂ ಮೂಲ. ಒಂದು ಕೋರಿನ ವೇಗವನ್ನು ಶೇ. 20 ಏರಿಸಲು ವೋಲ್ಟೇಜನ್ನು ಶೇ. 15 ಏರಿಸಬೇಕಾಯಿತು ಎಂದಿಟ್ಟುಕೊಳ್ಳಿ. 1.2 × 1.15 × 1.15 = 1.587. ಐದರಲ್ಲೊಂದು ಪಾಲು ವೇಗಕ್ಕೆ ಸುಮಾರು ಶೇ. 59 ಹೆಚ್ಚುವರಿ ವಿದ್ಯುತ್. ಸ್ಕೋರಿನ ಪಟ್ಟಿಯ ತುದಿಯಲ್ಲಿ ಕುಳಿತುಕೊಳ್ಳಲು ಕಂಪನಿಗಳು ತೆರುವ ಸುಂಕ ಇದು. ಇದೇ ಲೆಕ್ಕವನ್ನು ತಿರುಗಿಸಿದರೆ, ವೇಗ ಸ್ವಲ್ಪ ಇಳಿಸಿದರೆ ಉಳಿತಾಯವೂ ಭಾರಿ.

2013ರಲ್ಲಿ ಆ್ಯಪಲ್ ಎ7 ಬಂತು. ಎರಡೇ ಕೋರ್, 1.3 ಗಿಗಾಹರ್ಟ್ಸ್. ಎದುರಿಗೆ ನಾಲ್ಕು ಕೋರಿನ, 2.3 ಗಿಗಾಹರ್ಟ್ಸ್ ಸ್ನಾಪ್‌ಡ್ರಾಗನ್ 800. ಬ್ರೌಸರಿನ ಹಲವು ಪರೀಕ್ಷೆಗಳಲ್ಲಿ ಎ7 ಮುಂದಿತ್ತು, ಏಕೆಂದರೆ ಪ್ರತಿ ಗಡಿಯಾರದ ಬಡಿತಕ್ಕೆ ಅದು ಹೆಚ್ಚು ಸೂಚನೆಗಳನ್ನು ಮುಗಿಸುತ್ತಿತ್ತು. ಗಿಗಾಹರ್ಟ್ಸ್ ಎಣಿಸಿ ಫೋನು ಕೊಳ್ಳುವವರಿಗೆ ಅಂದೇ ಉತ್ತರ ಸಿಕ್ಕಿತ್ತು.

ನಾನು ಒಪ್ಪದ ಇನ್ನರ್ಧ ಸೋರಿಕೆಯದು. ಟ್ರಾನ್ಸಿಸ್ಟರ್ ಸುಮ್ಮನೆ ಕುಳಿತಿದ್ದರೂ ವಿದ್ಯುತ್ ತೊಟ್ಟಿಕ್ಕುತ್ತದೆ. ಬಿಸಿ ಏರಿದಂತೆ ಸೋರಿಕೆ ಏರುತ್ತದೆ, ಸೋರಿಕೆ ಏರಿದಂತೆ ಬಿಸಿ ಏರುತ್ತದೆ. ದೊಡ್ಡ ಕೋರ್ ಎಂದರೆ ಸೋರುವ ಟ್ರಾನ್ಸಿಸ್ಟರುಗಳೂ ಹೆಚ್ಚು. ತಂಪು ಕೋಣೆಯಲ್ಲಿ ಬರೆದ ವಿಮರ್ಶೆಯ ಅಂಕಿ ಹ್ಯಾಂಡಲ್ ಮೇಲೆ ಒಡೆದುಹೋಗುವುದು ಇಲ್ಲೇ. 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಹೇಳಿದ ಸೂತ್ರದಂತೆ, ಟ್ರಾನ್ಸಿಸ್ಟರ್ ಕುಗ್ಗಿದಂತೆ ವೋಲ್ಟೇಜೂ ಕುಗ್ಗಿ, ಅಷ್ಟೇ ಜಾಗದಲ್ಲಿ ಹೊರಡುವ ಶಾಖ ಹಾಗೆಯೇ ಇರಬೇಕಿತ್ತು. ಸುಮಾರು 2005ರ ಹೊತ್ತಿಗೆ ಈ ಸೋರಿಕೆಯೇ ಆ ಸೂತ್ರವನ್ನು ಕೆಡಿಸಿತು. ಅಲ್ಲಿಂದ ಈಚೆಗೆ ಚಿಪ್ ವಿನ್ಯಾಸದ ನಮ್ಮ ಕಸುಬು ಬಹುಪಾಲು ಯಾವ ಭಾಗವನ್ನು ಯಾವಾಗ ಮಲಗಿಸಬೇಕು ಎಂಬ ವ್ಯವಹಾರವಾಗಿಬಿಟ್ಟಿದೆ.

ಸಂಶಯರಾಮ:

ಸ್ಕೋರಿನ ಮಾತು ಬಂದದ್ದಕ್ಕೆ ನೆನಪಿಸುತ್ತೇನೆ. 2013ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್4 ಕೆಲವು ಬೆಂಚ್‌ಮಾರ್ಕ್‌ಗಳ ಹೆಸರು ಕಂಡ ಕೂಡಲೇ ಜಿಪಿಯುವನ್ನು 533 ಮೆಗಾಹರ್ಟ್ಸ್‌ಗೆ ಏರಿಸುತ್ತಿತ್ತು. ಬೇರೆ ಆ್ಯಪ್‌ಗಳಿಗೆ ಸಿಗುತ್ತಿದ್ದದ್ದು 480. 2022ರ ಮಾರ್ಚಿನಲ್ಲಿ ಅದೇ ಸಂಸ್ಥೆಯ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಸಾವಿರಾರು ಆ್ಯಪ್‌ಗಳನ್ನು ನಿಧಾನಗೊಳಿಸಿ ಬೆಂಚ್‌ಮಾರ್ಕ್‌ಗಳನ್ನು ಮಾತ್ರ ಮುಟ್ಟದೆ ಬಿಡುತ್ತಿರುವುದು ಬಯಲಾಯಿತು. ಸ್ಕೋರ್ ಅಳೆಯುವ ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22ರವರೆಗಿನ ಆ ಸರಣಿಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದರು. ಹಿಂದಿನ ವರ್ಷ ಒನ್‌ಪ್ಲಸ್ 9ರ ಸರಣಿಗೂ ಇದೇ ಗತಿಯಾಗಿತ್ತು. ಪರೀಕ್ಷೆಯ ದಿನ ಮಾತ್ರ ಓದುವ ಹುಡುಗನ ಅಂಕಪಟ್ಟಿ ಇದು.

ಅಂಕಪ್ರಿಯ:

ಹತ್ತು ವರ್ಷದ ಹಳೆಯ ಕಡತ ತೆಗೆದರೆ ಯಾರಿಗೆ ಕಳಂಕವಿಲ್ಲ ಹೇಳಿ. ಈಗ ಇಪ್ಪತ್ತು ನಿಮಿಷ ಸತತವಾಗಿ ಓಡಿಸುವ ಪರೀಕ್ಷೆಗಳಿವೆ, ಮೊದಲ ಸುತ್ತು ಮತ್ತು ಕೊನೆಯ ಸುತ್ತು ಎರಡನ್ನೂ ತೋರಿಸುತ್ತವೆ. ನಾನು ನೋಡುವುದು ಅವನ್ನು.

ಟೇಪ್‌ಔಟ್ ತಾತ:

ಅದನ್ನು ಮೊದಲೇ ಹೇಳಿದ್ದರೆ ನಾವಿಬ್ಬರೂ ಒಂದೇ ಕಡೆ ಇರುತ್ತಿದ್ದೆವು. ಕೊನೆಯ ಸುತ್ತಿನ ಅಂಕಿ ನೋಡಿ, ಮೊದಲನೆಯದನ್ನು ಮರೆತುಬಿಡಿ.

ಹನುಮಂತನಗರದವನು:

ಅಂದರೆ 7200 ತೆಗೆದುಕೊಳ್ಳಲೇ? ಅಣ್ಣನಿಗೆ ನಾಳೆಯೇ ಹೇಳಬೇಕು.

ಎಸ್‌ಪಿ ರಸ್ತೆ ಮೇಜು:

ಹೌದು, ಅದನ್ನೇ ತೆಗೆದುಕೊಳ್ಳಿ. ಆದರೆ ಅಣ್ಣನಿಗೆ ಹೇಳಬೇಕಾದ ಇನ್ನೂ ಕೆಲವು ಮಾತುಗಳಿವೆ. ದಪ್ಪ ರಬ್ಬರಿನ ಕವಚ ತೆಗೆದು ಹಾಕಲಿ, ಹಿಡಿಕೆ ಫೋನಿನ ಬೆನ್ನಿಗೆ ಅಂಟದೆ ಅಂಚನ್ನಷ್ಟೇ ಹಿಡಿಯುವಂಥದ್ದು ಇರಲಿ, ಗಾಳಿ ಆಡಬೇಕು. ವೇಗದ ಚಾರ್ಜರ್ ಬೇಡ, ಮನೆಯಲ್ಲಿ ರಾತ್ರಿ ತುಂಬಿಸಿಕೊಂಡು ಬರಲಿ. ಗಾಡಿಯಲ್ಲಿ ಹಾಕುವುದಾದರೆ ನಿಧಾನದ್ದು ಸಾಕು. ಬ್ಯಾಟರಿ 45 ಡಿಗ್ರಿ ಹತ್ತಿರ ಹೋದರೆ ಫೋನೇ ಚಾರ್ಜಿಂಗ್ ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮೇಲೆ ಆಟೋದ ಮುಂದಿನ ಗಾಜಿನ ಮೇಲ್ಭಾಗಕ್ಕೆ ಒಂದು ಗಿಡ್ಡ ನೆರಳುಪಟ್ಟಿ. ನನ್ನ ಅಂಗಡಿಗೆ ಬರುವ ಒಬ್ಬರು ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಫೋನಿನ ಮೇಲೆ ಸೂರಿನ ಹಾಗೆ ಕಟ್ಟಿಕೊಂಡಿದ್ದಾರೆ. ತಾತ ಹೇಳಿದ ಆರು ವ್ಯಾಟನ್ನು ಪುಕ್ಕಟೆ ತಡೆಯುವ ಉಪಾಯ.

ಯಲಹಂಕ ಇಸಿ:

ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ವಿದ್ಯಾರ್ಥಿ. ಫೋನಿನ ವಿಷಯ ಮುಗಿಯಿತು ಅನ್ನಿಸಿದ್ದರಿಂದ ಕೇಳುತ್ತಿದ್ದೇನೆ. ದೊಡ್ಡ ಕೋರ್ ಸೋರುತ್ತದೆ, ಚಿಕ್ಕದು ಉಳಿಸುತ್ತದೆ ಎಂದೇ ನಮಗೆ ಹೇಳಿಕೊಟ್ಟದ್ದು. 2011ರಲ್ಲಿ ಈ ಕಾರ್ಟೆಕ್ಸ್ ಕೋರ್‌ಗಳ ಸಂಸ್ಥೆಯಾದ ಆರ್ಮ್ ದೊಡ್ಡ ಕಾರ್ಟೆಕ್ಸ್-ಎ15 ಜೊತೆಗೆ ಚಿಕ್ಕ ಕಾರ್ಟೆಕ್ಸ್-ಎ7 ಇಟ್ಟು ಬಿಗ್-ಲಿಟಲ್ ತಂದದ್ದೇ ಅದಕ್ಕಲ್ಲವೇ? ಹಾಗಿದ್ದರೆ 2023ರ ಡೈಮೆನ್ಸಿಟಿ 9300ರಲ್ಲಿ ನಾಲ್ಕು ಎಕ್ಸ್4, ನಾಲ್ಕು ಎ720 ಇಟ್ಟು ಚಿಕ್ಕ ಕೋರ್‌ಗಳನ್ನು ಪೂರ್ತಿ ತೆಗೆದದ್ದು ಹೇಗೆ? 2024ರ ಸ್ನಾಪ್‌ಡ್ರಾಗನ್ 8 ಎಲೈಟಿನಲ್ಲೂ 4.32 ಗಿಗಾಹರ್ಟ್ಸ್‌ನ ಎರಡು, 3.53ರ ಆರು, ಎಲ್ಲವೂ ದೊಡ್ಡ ಓರಿಯಾನ್ ಕೋರ್‌ಗಳೇ.

ಟೇಪ್‌ಔಟ್ ತಾತ:

ಚಿಕ್ಕ ಕೋರ್ ಉಳಿಸುತ್ತದೆ ಎಂಬುದು ಕೆಲಸ ಬಹಳ ಹಗುರವಾಗಿದ್ದಾಗ ಮಾತ್ರ ಸತ್ಯ. ಕೆಲಸ ಸ್ವಲ್ಪ ತೂಕದ್ದಾದರೆ ಚಿಕ್ಕ ಕೋರ್ ತನ್ನ ಪೂರ್ತಿ ವೋಲ್ಟೇಜಿನಲ್ಲಿ ಏದುಸಿರು ಬಿಡುತ್ತಾ ಬಹಳ ಹೊತ್ತು ಓಡಬೇಕು. ಅಷ್ಟು ಹೊತ್ತೂ ರ್‍ಯಾಮು, ಒಳಗಿನ ಸಂಪರ್ಕಜಾಲ, ಗಡಿಯಾರದ ಬಡಿತ ಹಂಚುವ ಮರ ಎಲ್ಲವೂ ಎಚ್ಚರವಾಗಿರಬೇಕು. ಮಧ್ಯಮ ಕೋರ್ ಅದೇ ಕೆಲಸವನ್ನು ತನ್ನ ಕನಿಷ್ಠ ವೋಲ್ಟೇಜಿನಲ್ಲಿ ಬೇಗ ಮುಗಿಸಿ ಇಡೀ ಗುಂಪನ್ನು ಮಲಗಿಸಿಬಿಡುತ್ತದೆ. ಒಟ್ಟು ಶಕ್ತಿಯ ಲೆಕ್ಕ ಹಾಕಿದರೆ ಅದೇ ಅಗ್ಗವಾಗುವುದುಂಟು.

ಇದು ಸಾಧ್ಯವಾಗಲು ಯಾವ ಕೆಲಸ ಯಾವ ಕೋರಿಗೆ ಎಂದು ಹಂಚುವ ಸಾಫ್ಟ್‌ವೇರಿಗೆ ಪ್ರತಿ ಕೋರಿನ ಪ್ರತಿ ವೇಗದ ಖರ್ಚು ಗೊತ್ತಿರಬೇಕು. 2019ರ ಲಿನಕ್ಸ್ 5.0ರಲ್ಲಿ ಅಂಥ ಶಕ್ತಿಪ್ರಜ್ಞೆಯ ಹಂಚಿಕೆ ಅಧಿಕೃತವಾಗಿ ಸೇರಿತು. ಆ ಕೋಷ್ಟಕದಲ್ಲಿ ತಪ್ಪು ಸಂಖ್ಯೆ ತುಂಬಿದರೆ ಎಂಥ ಚಿಪ್ಪೂ ಹಾಳು. ಒಂದೇ ಪ್ರೊಸೆಸರ್ ಇರುವ ಎರಡು ಕಂಪನಿಗಳ ಫೋನುಗಳು ಬೇರೆ ಬೇರೆಯಾಗಿ ನಡೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ವೆರಿಫಿಕೇಷನ್ ವನಜಾ:

ತಾತ ‘ಮಲಗಿಸಿಬಿಡುತ್ತದೆ’ ಎಂದು ಒಂದೇ ಪದದಲ್ಲಿ ಮುಗಿಸಿದರು. ಆ ಒಂದು ಪದದ ಹಿಂದೆ ಚಿಪ್ ವಿನ್ಯಾಸವನ್ನು ಪರಿಶೀಲಿಸುವ ನಮ್ಮಂಥವರ ತಿಂಗಳುಗಟ್ಟಲೆ ರಾತ್ರಿಗಳಿವೆ.

ಕೋರಿನ ವಿದ್ಯುತ್ ಕಡಿಯುವುದು ಸ್ವಿಚ್ ಆರಿಸಿದ ಹಾಗೆ ಆಗುವುದಿಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ಕೋರಿನ ಪಕ್ಕದ ಚಿಕ್ಕ ನೆನಪಾದ ಕ್ಯಾಶ್‌ನಲ್ಲಿ ಬದಲಾದ ಮಾಹಿತಿಯನ್ನು ಹೊರಗೆ ಬರೆಯಬೇಕು. ಆಮೇಲೆ ಗಡಿಯಾರ ನಿಲ್ಲಿಸಬೇಕು. ಉಳಿಸಿಕೊಳ್ಳಬೇಕಾದ ಸ್ಥಿತಿಯನ್ನು ಸದಾ ವಿದ್ಯುತ್ ಇರುವ ವಿಶೇಷ ಫ್ಲಿಪ್-ಫ್ಲಾಪ್‌ಗಳಿಗೆ ಸಾಗಿಸಬೇಕು. ಕೋರಿನಿಂದ ಹೊರಬರುವ ಪ್ರತಿಯೊಂದು ತಂತಿಗೂ ಪ್ರತ್ಯೇಕಿಸುವ ಕೋಶ ಹಾಕಿರುತ್ತೇವೆ, ಅವು ಹೊರಗಿನವರಿಗೆ ಸೊನ್ನೆಯನ್ನೋ ಒಂದನ್ನೋ ಗಟ್ಟಿಯಾಗಿ ತೋರಿಸುತ್ತಿರಬೇಕು. ಇಲ್ಲದಿದ್ದರೆ ಸತ್ತ ಕೋರಿನ ತೇಲುವ ವೋಲ್ಟೇಜು ಪಕ್ಕದ ಬದುಕಿರುವ ಭಾಗದ ತಲೆ ಕೆಡಿಸುತ್ತದೆ. ಇಷ್ಟಾದ ಮೇಲೆ ವಿದ್ಯುತ್ ಕಡಿತ. ಏಳಿಸುವಾಗ ಎಲ್ಲವೂ ಹಿಂದುಮುಂದು. ಆಗಲೂ ಒಮ್ಮೆಲೇ ವಿದ್ಯುತ್ ಕೊಟ್ಟರೆ ಪಕ್ಕದ ಕೋರಿನ ವೋಲ್ಟೇಜು ಕುಸಿಯುತ್ತದೆ, ಆದ್ದರಿಂದ ಸ್ವಿಚ್‌ಗಳನ್ನು ಸಾಲಾಗಿ ಒಂದಾದ ಮೇಲೊಂದರಂತೆ ಆನ್ ಮಾಡಬೇಕು.

ಒಂದು ಪ್ರಾಜೆಕ್ಟಿನಲ್ಲಿ ಸಿಕ್ಕ ದೋಷ ಹೀಗಿತ್ತು. ಸಂಸ್ಥೆಯ ಹೆಸರು ಬೇಡ. ಕೋರ್ ಮಲಗುತ್ತೇನೆ ಎಂದು ಕೈ ಎತ್ತಿದ ಸುತ್ತಿನಲ್ಲೇ, ನಿಖರವಾಗಿ ಅದೇ ಗಡಿಯಾರದ ಸುತ್ತಿನಲ್ಲಿ, ಒಂದು ಅಡಚಣೆ ಸಂಕೇತ (ಇಂಟರಪ್ಟ್, ಅಂದರೆ ಕೆಲಸ ಬಂದಿದೆ ಎಂಬ ಕರೆ) ಬಂದರೆ ಎರಡು ಘಟಕಗಳೂ ‘ಇನ್ನೊಬ್ಬರು ನೋಡಿಕೊಂಡಿರುತ್ತಾರೆ’ ಎಂದು ಸುಮ್ಮನಾಗುತ್ತಿದ್ದವು. ಕೋರ್ ಮಲಗಿತು, ಎಬ್ಬಿಸುವ ಕರೆ ಗಾಳಿಗೆ ಹೋಯಿತು. ಸಂಕೇತಗಳ ಏರಿಳಿತ ತೋರಿಸುವ ತರಂಗಚಿತ್ರದಲ್ಲಿ ಎರಡು ಗೆರೆಗಳು ಒಂದೇ ಅಂಚಿನಲ್ಲಿ ಏರುವುದು ಕಂಡಾಗ ಮೊದಲು ಪರೀಕ್ಷೆಯೇ ತಪ್ಪಿರಬೇಕು ಎಂದು ವಿನ್ಯಾಸದವರು ವಾದಿಸಿದರು. ಯಾವಾಗಲೂ ಹಾಗೇ ವಾದಿಸುತ್ತಾರೆ. ಇದು ಸಿಲಿಕಾನಿಗೆ ಹೋಗಿದ್ದರೆ ಕೊಂಡವರ ಫೋನು ವಾರಕ್ಕೊಮ್ಮೆ ಕಾರಣವಿಲ್ಲದೆ ಕಲ್ಲಾಗಿರುತ್ತಿತ್ತು.

ಸಂಶಯರಾಮ:

ಎಲ್ಲ ಸರಿ ವನಜಾ ಮೇಡಂ. ಆದರೆ ಒಂದು ಕಹಿ ಪ್ರಶ್ನೆ. ಹೊರವರ್ತುಲ ರಸ್ತೆಯುದ್ದಕ್ಕೂ ಚಿಪ್ ಕಂಪನಿಗಳ ಫಲಕಗಳಿವೆ. ಕೋರಿನ ವಿನ್ಯಾಸ ಮಾಡುವವರು ಮಾತ್ರ ಬೇರೆ ಕಡೆ. ಆರ್ಮ್‌ನ ಕೋರ್‌ಗಳಾದ ಎ72, ಎ76, ಎ78 ಅಮೆರಿಕದ ಆಸ್ಟಿನ್‌ನಲ್ಲಿ. ಎ73, ಎ75 ಫ್ರಾನ್ಸಿನ ಸೋಫಿಯಾ ಆ್ಯಂಟಿಪೊಲಿಸ್‌ನಲ್ಲಿ. ಎ53, ಎ55 ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಓರಿಯಾನ್ ಬಂದದ್ದು 2021ರಲ್ಲಿ ಕ್ವಾಲ್ಕಾಮ್ 140 ಕೋಟಿ ಡಾಲರ್ ಕೊಟ್ಟು ಕೊಂಡ ನೂವಿಯಾ ಕಂಪನಿಯಿಂದ. ನಮ್ಮ ಪಾಲಿಗೆ ಬಂದದ್ದು ಪರೀಕ್ಷೆ ಮಾಡುವ ಕೂಲಿ. ಇದಕ್ಕೆ ‘ಬೆಂಗಳೂರಿನಲ್ಲಿ ವಿನ್ಯಾಸವಾದ ಚಿಪ್’ ಎಂದು ಪತ್ರಿಕೆಗಳಲ್ಲಿ ಬೀಗುವುದೇಕೆ?

ವೆರಿಫಿಕೇಷನ್ ವನಜಾ:

‘ಕೂಲಿ’ ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಿ, ಆಮೇಲೆ ಮಾತಾಡೋಣ. ಫೋನಿನ ಚಿಪ್ಪಿನಲ್ಲಿ ಸಿಪಿಯು ಒಂದು ಮೂಲೆ. ಜಿಪಿಯು, ಕ್ಯಾಮೆರಾದ ಘಟಕ, ವಿಡಿಯೋ, ಮೋಡೆಮ್, ಭದ್ರತೆ, ರ್‍ಯಾಮಿನ ನಿಯಂತ್ರಕ, ಇವೆಲ್ಲವನ್ನೂ ಬೆಸೆಯುವ ಜಾಲ, ಇವನ್ನು ಒಂದು ಹಾಳೆಯ ಮೇಲೆ ಕೂರಿಸಿ ಪ್ರತಿ ದಾರಿಯ ಸಮಯವನ್ನೂ ಹೊಂದಿಸುವ ಭೌತಿಕ ವಿನ್ಯಾಸ ಬೇರೆ ಇವೆ. ಇದರಲ್ಲಿ ದೊಡ್ಡ ಪಾಲು ಈ ಊರಿನ ಮೇಜುಗಳ ಮೇಲೆ ನಡೆಯುತ್ತದೆ. ಪರಿಶೀಲನೆಗೆ ವಿನ್ಯಾಸಕ್ಕಿಂತ ಹೆಚ್ಚು ಜನ ಬೇಕು ಎಂಬುದು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು.

ಟೇಪ್‌ಔಟ್ ತಾತ:

ಸಂಶಯರಾಮರ ಸಿಟ್ಟು ನನಗೂ ಇತ್ತು, ಈಗಲೂ ಸ್ವಲ್ಪ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ ಬಂದಾಗ ವಿನ್ಯಾಸದ ಕಡತಗಳನ್ನು ಅಮೆರಿಕಕ್ಕೆ ಕಳುಹಿಸಲು ಉಪಗ್ರಹದ ತಟ್ಟೆ ಬೇಕಾಯಿತು. ಆ ತಟ್ಟೆ ಎತ್ತಿನ ಗಾಡಿಯ ಮೇಲೆ ಬಂದ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದೇ ಸಂಸ್ಥೆಯ ಓಮ್ಯಾಪ್ ಪ್ರೊಸೆಸರುಗಳು ನೋಕಿಯಾ ಎನ್95ರಲ್ಲಿ ಇದ್ದವು, 2011ರ ಗ್ಯಾಲಕ್ಸಿ ನೆಕ್ಸಸ್‌ನಲ್ಲಿಯೂ ಇದ್ದವು. 2012ರಲ್ಲಿ ಸಂಸ್ಥೆ ಫೋನಿನ ಮಾರುಕಟ್ಟೆಯಿಂದಲೇ ಹೊರನಡೆಯಿತು. ಚಿಪ್ ಕೆಟ್ಟದ್ದೆಂದಲ್ಲ. ದೊಡ್ಡ ಫೋನು ಕಂಪನಿಗಳು ತಮ್ಮದೇ ಚಿಪ್ ಮಾಡಿಕೊಳ್ಳತೊಡಗಿದ್ದವು, ಮೋಡೆಮ್ ಜೊತೆಗೇ ಸೇರಿಸಿ ಕೊಡುವ ಕ್ವಾಲ್ಕಾಮಿನ ಎದುರು ಉಳಿದವರಿಗೆ ಜಾಗ ಕಿರಿದಾಗಿತ್ತು.

ಏನನ್ನು ಮಾಡಬೇಕು, ಯಾವುದನ್ನು ಕೈಬಿಡಬೇಕು ಎಂದು ನಿರ್ಧರಿಸುವ ಕುರ್ಚಿ ಇಲ್ಲಿಲ್ಲದಿದ್ದರೆ ಎಷ್ಟೇ ಒಳ್ಳೆಯ ಕೆಲಸವೂ ಒಂದು ಮೇಲ್‌ನಿಂದ ನಿಂತುಹೋಗುತ್ತದೆ. ನನ್ನ ಆಕ್ಷೇಪ ಅಷ್ಟು ಮಾತ್ರ. ಕೆಲಸದ ಗುಣಮಟ್ಟದ ಬಗ್ಗೆ ಅಲ್ಲ. ಕುರ್ಚಿಗಳು ನಿಧಾನವಾಗಿ ಸರಿಯುತ್ತಿವೆ ಎಂಬುದೂ ನಿಜ. 2025ರ ಸೆಪ್ಟೆಂಬರಿನಲ್ಲಿ ಆರ್ಮ್ ಇಲ್ಲೇ 2 ನ್ಯಾನೋಮೀಟರ್ ವಿನ್ಯಾಸದ ಕಚೇರಿ ತೆರೆಯಿತು.

ಸಂಶಯರಾಮ:

ಕೂಲಿ ಎಂಬ ಪದ ವಾಪಸ್. ಕುರ್ಚಿಯ ಮಾತು ಹಾಗೇ ಇರಲಿ.

ಯಲಹಂಕ ಇಸಿ:

ಇನ್ನೊಂದು ಸಂದೇಹ. ಈಗ ಎಲ್ಲರೂ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು, ಸೆಕೆಂಡಿಗೆ ಇಷ್ಟು ಲಕ್ಷ ಕೋಟಿ ಲೆಕ್ಕ ಎಂದು ಹೇಳುತ್ತಾರೆ. ಫೋನಿನೊಳಗೇ ಭಾಷಾ ಮಾದರಿ ಓಡಿಸಿದರೆ ಕನ್ನಡದಲ್ಲಿ ಉತ್ತರ ಬರೆಯುವ ವೇಗ ಆ ಅಂಕಿಯ ಮೇಲೆ ನಿಂತಿದೆಯೇ?

ಟೇಪ್‌ಔಟ್ ತಾತ:

ಬಹುಮಟ್ಟಿಗೆ ಇಲ್ಲ. ಮತ್ತೆ ಲೆಕ್ಕ. 300 ಕೋಟಿ ನಿಯತಾಂಕಗಳ (ಕಲಿತಿಟ್ಟ ಸಂಖ್ಯೆಗಳ) ಮಾದರಿ, ಪ್ರತಿಯೊಂದಕ್ಕೆ 4 ಬಿಟ್ ಎಂದರೆ 1.5 ಗಿಗಾಬೈಟ್. ಒಂದೊಂದು ತುಣುಕು ಪದ ಹೊರಡಿಸಲೂ ಆ ಇಡೀ ಗಂಟನ್ನು ರ್‍ಯಾಮಿನಿಂದ ಒಮ್ಮೆ ಓದಬೇಕು. ಪ್ರತಿ ತಂತಿಗೆ ಸೆಕೆಂಡಿಗೆ 8533 ಮೆಗಾಬಿಟ್ ವೇಗದ ಎಲ್‌ಪಿಡಿಡಿಆರ್5ಎಕ್ಸ್ ಮಾದರಿಯ ರ್‍ಯಾಮ್, 64 ತಂತಿಯ ದಾರಿ: ಸೆಕೆಂಡಿಗೆ ಸುಮಾರು 68 ಗಿಗಾಬೈಟ್. 68ನ್ನು 1.5ರಿಂದ ಭಾಗಿಸಿದರೆ 45. ಅಂದರೆ ಎನ್‌ಪಿಯು ಎಷ್ಟೇ ಬಲಶಾಲಿಯಾಗಿರಲಿ, ಸೆಕೆಂಡಿಗೆ 45 ತುಣುಕಿನ ಮೇಲೆ ಹೋಗಲು ದಾರಿಯೇ ಇಲ್ಲ. ಕನ್ನಡದ ಒಂದು ಪದ ಮೂರು ನಾಲ್ಕು ತುಣುಕಾಗುವುದು ಸಾಮಾನ್ಯ, ಆದ್ದರಿಂದ ನಮಗೆ ಇನ್ನೂ ಕಡಿಮೆ. ಲೆಕ್ಕ ಮಾಡುವ ಘಟಕಗಳು ಹೆಚ್ಚಿನ ಹೊತ್ತು ರ್‍ಯಾಮಿನ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತವೆ.

ಬಿಸಿಯ ಮೂಲವೂ ಅಲ್ಲೇ ಇದೆ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಪ್ರಸಿದ್ಧ ಕೋಷ್ಟಕದಲ್ಲಿ, 45 ನ್ಯಾನೋಮೀಟರ್ ಚಿಪ್ಪಿನಲ್ಲಿ 32 ಬಿಟ್‌ನ ಒಂದು ಕೂಡುವಿಕೆಗೆ 0.1 ಪಿಕೋಜೂಲ್, ಹೊರಗಿನ ಡಿರ್‍ಯಾಮಿನಿಂದ 64 ಬಿಟ್ ಓದಲು 1300ರಿಂದ 2600 ಪಿಕೋಜೂಲ್. ಅಂಕಿಗಳು ಈಗ ಇಳಿದಿವೆ, ಅನುಪಾತದ ಕಥೆ ಬದಲಾಗಿಲ್ಲ. ಕ್ಯಾಶ್ ದೊಡ್ಡದು ಮಾಡೋಣ ಎಂದರೆ ಅಲ್ಲೂ ಗೋಡೆ: ಟಿಎಸ್‌ಎಂಸಿಯ ಎನ್5 ತಲೆಮಾರಿನಲ್ಲಿ ಕ್ಯಾಶ್ ಕಟ್ಟುವ ಎಸ್‌ರ್‍ಯಾಮಿನ ಒಂದು ಕೋಶ 0.021 ಚದರ ಮೈಕ್ರಾನ್, ಮುಂದಿನ ತಲೆಮಾರಿನ ಎನ್3ಇ ಯಲ್ಲೂ 0.021. ತರ್ಕದ ಭಾಗ ಕುಗ್ಗಿತು, ನೆನಪಿನ ಭಾಗ ಕುಗ್ಗಲಿಲ್ಲ. ಬೆಲೆ ಮಾತ್ರ ಏರಿತು.

ಯಲಹಂಕ ಇಸಿ:

ಧನ್ಯವಾದ ಸರ್. ವನಜಾ ಮೇಡಂ, ನೀವು ಹೇಳಿದ ನಿದ್ರೆ-ಎಚ್ಚರದ ದೋಷ ಓದಿದ ಮೇಲೆ ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸುತ್ತಿದೆ. ಕಾಲೇಜಿನಲ್ಲಿ ದುಬಾರಿ ಸಾಧನಗಳಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಾಗಿ ಮಾಡಬಹುದೇ?

ವೆರಿಫಿಕೇಷನ್ ವನಜಾ:

ಮಾಡಬಹುದು. ವಿದ್ಯುತ್ ಕಡಿತದವರೆಗೆ ಹೋಗಬೇಡಿ, ಅದಕ್ಕೆ ಪುಕ್ಕಟೆ ಸಾಧನಗಳು ಸಾಲುವುದಿಲ್ಲ. ಗಡಿಯಾರ ನಿಲ್ಲಿಸುವ ಹಂತಕ್ಕೆ ಸೀಮಿತವಾಗಿರಿ. ಮದ್ರಾಸ್ ಐಐಟಿಯ ಶಕ್ತಿ ಕೋರಿನಂಥ ರಿಸ್ಕ್-5 ಎಂಬ ಸೂಚನಾಸಂಹಿತೆಯ ಒಂದು ತೆರೆದ ಕೋರ್ ತೆಗೆದುಕೊಳ್ಳಿ, ಅನುಕರಣೆಗೆ ವೆರಿಲೇಟರ್ ಎಂಬ ಪುಕ್ಕಟೆ ಸಾಧನ ಸಾಕು. ಆ ಸೂಚನಾಸಂಹಿತೆಯಲ್ಲಿ ‘ಡಬ್ಲ್ಯುಎಫ್‌ಐ’ ಎಂಬ ಸೂಚನೆ ಇದೆ. ಅಡಚಣೆ ಬರುವವರೆಗೆ ಕಾಯಿ ಎಂದು ಅರ್ಥ. ಒಟ್ಟಾರೆ ಅಡಚಣೆಗಳನ್ನು ಮುಚ್ಚಿಟ್ಟಿದ್ದರೂ, ಆ ಒಂದು ಅಡಚಣೆಗೆ ಪ್ರತ್ಯೇಕ ಅನುಮತಿ ಇದ್ದು ಅದು ಬಾಕಿ ಇದ್ದರೆ ಕೋರ್ ಎಚ್ಚರವಾಗಲೇಬೇಕು ಎಂದು ನಿಯಮವಿದೆ. ಅಡಚಣೆಯನ್ನು ಆ ಸೂಚನೆಗಿಂತ ಒಂದು ಸುತ್ತು ಮೊದಲು, ಅದೇ ಸುತ್ತಿನಲ್ಲಿ, ಒಂದು ಸುತ್ತು ನಂತರ ಕಳುಹಿಸಿ ನೋಡಿ. ಆಮೇಲೆ ಕೋರಿನ ಹೊರಗೆ ನೀವೇ ಒಂದು ಗಡಿಯಾರ ನಿಯಂತ್ರಕ ಬರೆದು ಸೇರಿಸಿ, ಅದೇ ಮೂರು ಪ್ರಯೋಗ ಮತ್ತೆ ಮಾಡಿ. ನಿಮ್ಮ ನಿಯಂತ್ರಕದಲ್ಲಿ ದೋಷ ಸಿಗುವುದು ಬಹುತೇಕ ಖಚಿತ. ಸಿಕ್ಕ ಮೇಲೆ ತರಂಗಚಿತ್ರ ಇಲ್ಲಿ ಹಾಕಿ, ಗಡಿಯಾರ, ಅಡಚಣೆ, ನಿದ್ರೆಯ ಕೋರಿಕೆ ಮೂರೂ ಗೆರೆಗಳು ಒಂದೇ ಚಿತ್ರದಲ್ಲಿ ಇರಲಿ.